ಗೋದಲಿ ಎಲ್ಲಿದೆ? ಕ್ರಿಸ್ಮಸ್‌ನ ಒಳಗಿನ ಅರ್ಥ, ಬೇರೆ ಬೇರೆ ಧರ್ಮಗಳ ಕಣ್ಣಲ್ಲಿ

ಯೇಸು ಹುಟ್ಟಿದ ಜಾಗ ಎಂದು ಕ್ರೈಸ್ತರು ನಂಬುವ ಬೆತ್ಲೆಹೇಮಿನ ನೇಟಿವಿಟಿ ಚರ್ಚಿನ ಬಾಗಿಲು ಸುಮಾರು 1.2 ಮೀಟರ್ ಎತ್ತರ, ಅಷ್ಟೇ. ಐದಾರು ವರ್ಷದ ಮಗು ನೆಟ್ಟಗೆ ನಡೆದು ಒಳಗೆ ಹೋಗಬಹುದು. ದೊಡ್ಡವರು ಯಾರೇ ಆಗಲಿ, ಸೊಂಟ ಬಗ್ಗಿಸಲೇಬೇಕು. ಗೋಡೆಯನ್ನು ಸರಿಯಾಗಿ ನೋಡಿದರೆ ಅಲ್ಲಿ ಮೂರು ಬಾಗಿಲುಗಳ ಗುರುತು ಸಿಗುತ್ತದೆ. ಮೇಲೆ 6ನೇ ಶತಮಾನದ ದೊಡ್ಡ ಬಾಗಿಲಿನ ಕಲ್ಲಿನ ತೊಲೆ. ಅದರ ಕೆಳಗೆ ಕ್ರುಸೇಡ್ ಧರ್ಮಯುದ್ಧಗಳ ಕಾಲದ ಚೂಪು ಕಮಾನು. ಅದನ್ನೂ ಕಲ್ಲಿನಿಂದ ಮುಚ್ಚಿ, ಕೊನೆಗೆ ಉಳಿಸಿದ್ದು ಈ ಕಿಂಡಿಯಂಥ ಬಾಗಿಲು. ಕುದುರೆ, ಗಾಡಿ ಸಮೇತ ಒಳಗೆ ನುಗ್ಗಿ ಲೂಟಿ ಮಾಡುವವರನ್ನು ತಡೆಯೋಕೆ ಹೀಗೆ ಕಿರಿದು ಮಾಡಿದರು ಎನ್ನುತ್ತಾರೆ. ಅಂದರೆ ಕಾರಣ ಬರೀ ಭದ್ರತೆ. ಆದರೆ ಅದಕ್ಕೆ ಬಿದ್ದ ಹೆಸರು 'ವಿನಯದ ಬಾಗಿಲು'. ಬಗ್ಗದೆ ಒಳಗೆ ಹೋಗೋಕೆ ಆಗಲ್ಲ, ಅದಕ್ಕೆ.

ಒಂದೇ ಬಾಗಿಲು, ಎರಡು ವಿವರಣೆ. ಮೊದಲನೆಯದು ನಡೆದದ್ದರ ಲೆಕ್ಕ. ಎರಡನೆಯದು ಬಗ್ಗಿ ದಾಟಿದವರು ಕಂಡುಕೊಂಡ ಅರ್ಥ. ಕ್ರಿಸ್ಮಸ್ ಹಬ್ಬದ ಕಥೆಯೂ ಹೆಚ್ಚುಕಡಿಮೆ ಹೀಗೇ ಇದೆ.

ಡಿಸೆಂಬರ್ ಬಂತೆಂದರೆ ಶುಭಾಶಯಗಳು ಓಡಾಡುತ್ತವೆ. ಜೊತೆಗೆ ಪ್ರಶ್ನೆಗಳೂ ಬರುತ್ತವೆ. ಇದು ಕ್ರೈಸ್ತರಿಗೆ ಮಾತ್ರ ಸೇರಿದ ಹಬ್ಬವಾ? ಬೇರೆ ಧರ್ಮದವರು ಯೇಸುವಿನ ಹುಟ್ಟನ್ನು ಹೇಗೆ ನೋಡುತ್ತಾರೆ? ಮರ, ದೀಪ, ಕೆಂಪು ಟೋಪಿ ಎಲ್ಲ ಪಕ್ಕಕ್ಕಿಟ್ಟರೆ ಒಳಗೆ ಉಳಿಯುವುದೇನು? ಈ ಬರಹ ಆ ಕೊನೆಯ ಪ್ರಶ್ನೆಯ ಬೆನ್ನು ಹತ್ತಿದೆ.

ಮೊದಲು ಕೆಲವು ಪದಗಳು

ಕ್ರಿಸ್ಮಸ್ ಎಂದರೆ 'ಕ್ರಿಸ್ತನ ಮಾಸ್'. ಮಾಸ್ ಎಂದರೆ ಚರ್ಚಿನಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸ ಇಟ್ಟು ನಡೆಸುವ ಬಲಿಪೂಜೆ. ಹೆಸರಿನಲ್ಲಿ ಹುಟ್ಟಿದ ಹಬ್ಬದ ಸುದ್ದಿಯೇ ಇಲ್ಲ, ಇರುವುದು ಪೂಜೆ.

'ಕ್ರಿಸ್ತ' ಯೇಸುವಿನ ಮನೆತನದ ಹೆಸರು ಅಂದುಕೊಂಡವರು ಬಹಳ ಜನ. ಅದು ಬಿರುದು. ಹೀಬ್ರೂ ಭಾಷೆಯ 'ಮಷೀಹ' ಗ್ರೀಕಿಗೆ ಹೋಗಿ 'ಕ್ರಿಸ್ತೋಸ್' ಆಯಿತು. ಎಣ್ಣೆ ಹೊಯ್ಯಿಸಿಕೊಂಡವನು ಎಂದರ್ಥ. ಹಳೆಯ ಇಸ್ರೇಲಿನಲ್ಲಿ ರಾಜನಿಗೆ ಪಟ್ಟ ಕಟ್ಟುವಾಗ ತಲೆಗೆ ಎಣ್ಣೆ ಹೊಯ್ಯುತ್ತಿದ್ದರು. ಕನ್ನಡದಲ್ಲಿ ಹೇಳುವುದಾದರೆ 'ಅಭಿಷಿಕ್ತ'. ದೇವರು ಕಳಿಸುವ ಅಂಥ ಒಬ್ಬ ರಾಜ ಬಂದು ತಮ್ಮನ್ನು ಬಿಡಿಸುತ್ತಾನೆ ಎಂದು ಯಹೂದಿಗಳು ಕಾಯುತ್ತಿದ್ದರು. ಯೇಸುವೇ ಅವನು ಅಂದವರು ಕ್ರೈಸ್ತರಾದರು. ಅಲ್ಲ ಅಂದವರು ಇಂದಿಗೂ ಕಾಯುತ್ತಿದ್ದಾರೆ.

ಯೇಸುವಿನ ಬದುಕನ್ನು ಹೇಳುವ ನಾಲ್ಕು ಪುಸ್ತಕಗಳಿಗೆ ಸುವಾರ್ತೆ ಎನ್ನುತ್ತಾರೆ. ಹುಟ್ಟಿದ ಕಥೆ ಇರುವುದು ಎರಡರಲ್ಲಿ ಮಾತ್ರ. ಲೂಕನ ಸುವಾರ್ತೆಯಲ್ಲಿ ಛತ್ರದಲ್ಲಿ ಜಾಗ ಸಿಗುವುದಿಲ್ಲ, ಮಗುವನ್ನು ದನದ ಗೋದಲಿಯಲ್ಲಿ ಮಲಗಿಸುತ್ತಾರೆ, ಹೊಲದಲ್ಲಿದ್ದ ಕುರುಬರು ಓಡಿ ಬರುತ್ತಾರೆ. ಮತ್ತಾಯನಲ್ಲಿ ಮೂಡಣ ದೇಶದ ಜೋಯಿಸರು ನಕ್ಷತ್ರದ ಜಾಡು ಹಿಡಿದು ಬಂದು ಚಿನ್ನ, ಧೂಪ, ರಕ್ತಬೋಳ ಕೊಡುತ್ತಾರೆ. ಅವರು ಮೂರು ಜನ ಅಂತ ಮತ್ತಾಯ ಎಲ್ಲೂ ಹೇಳಿಲ್ಲ. ಮೂರು ಕಾಣಿಕೆ ಇವೆಯಲ್ಲ, ಅದರಿಂದ ಜನ ಲೆಕ್ಕ ಹಾಕಿದರು. ಮಾರ್ಕನ ಪುಸ್ತಕದಲ್ಲಿ ಯೇಸು ಬರುವಾಗಲೇ ದೊಡ್ಡವನಾಗಿದ್ದಾನೆ, ಹುಟ್ಟಿನ ಮಾತೇ ಇಲ್ಲ.

ಯೋಹಾನನದು ಬೇರೆಯೇ ದಾರಿ. ಅವನಿಗೆ ಮಗುವೂ ಬೇಡ, ಕೊಟ್ಟಿಗೆಯೂ ಬೇಡ. 'ಆದಿಯಲ್ಲಿ ವಾಕ್ಯವಿತ್ತು' ಎಂದು ಶುರು ಮಾಡುತ್ತಾನೆ. ವಾಕ್ಯ ಎಂದರೆ ಇಲ್ಲಿ ಬರೀ ಮಾತಲ್ಲ, ಲೋಕವನ್ನು ಹುಟ್ಟಿಸಿ ನಡೆಸುವ ದೇವರ ಅರಿವು. ಆ ವಾಕ್ಯ ಮೈ ತಾಳಿ ನಮ್ಮ ನಡುವೆ ವಾಸ ಮಾಡಿತು ಎನ್ನುವುದೇ ಅವನ ಕ್ರಿಸ್ಮಸ್ ಕಥೆ. ಮೂಲ ಗ್ರೀಕಿನಲ್ಲಿ 'ವಾಸ ಮಾಡಿತು' ಎನ್ನುವ ಜಾಗದಲ್ಲಿರುವ ಪದದ ನೇರ ಅರ್ಥ 'ಡೇರೆ ಹಾಕಿತು'. ಅರಮನೆ ಕಟ್ಟಿಸಿಕೊಂಡು ಇರಲಿಲ್ಲ, ಬಿಡಾರ ಹೂಡಿತು.

ಡಿಸೆಂಬರ್ 25 ಯಾಕೆ?

ಬೈಬಲಿನಲ್ಲಿ ತಾರೀಕಿಲ್ಲ. ಡಿಸೆಂಬರ್ 25 ಮೊದಲು ಕಾಣಿಸುವುದು 354ರ ಒಂದು ರೋಮನ್ ಪಂಚಾಂಗದಲ್ಲಿ. ಅದರಲ್ಲಿರುವ ಪಟ್ಟಿ 336ರಲ್ಲಿ ತಯಾರಾದದ್ದು. ಯಾಕೆ ಆ ದಿನ ಎನ್ನುವುದಕ್ಕೆ ಎರಡು ವಾದ ಇವೆ. ರೋಮನ್ನರು ಅದೇ ದಿನ 'ಸೋಲದ ಸೂರ್ಯ'ನ ಹಬ್ಬ ಮಾಡುತ್ತಿದ್ದರು, ಅದರ ಮೇಲೆ ಇದು ಕೂತಿತು ಎನ್ನುವುದು ಒಂದು. ಯೇಸು ಮರಿಯಳ ಗರ್ಭ ಸೇರಿದ್ದು ಮಾರ್ಚ್ 25ರಂದು ಎಂದು ನಂಬಿ, ಅಲ್ಲಿಂದ ಒಂಬತ್ತು ತಿಂಗಳು ಎಣಿಸಿದರು ಎನ್ನುವುದು ಇನ್ನೊಂದು.

ಅಂದಿನ ಜೂಲಿಯನ್ ಪಂಚಾಂಗದ ಪ್ರಕಾರ ಡಿಸೆಂಬರ್ 25 ಚಳಿಗಾಲದ ಅತಿ ಉದ್ದದ ರಾತ್ರಿ ಎಂದು ಲೆಕ್ಕ. ಅಲ್ಲಿಂದ ಹಗಲು ಬೆಳೆಯುತ್ತದೆ. ಯೇಸುವಿಗಿಂತ ಮುಂಚೆ ಬಂದು ದಾರಿ ಮಾಡಿಕೊಟ್ಟ ಸ್ನಾನಿಕ ಯೋಹಾನನ ಹುಟ್ಟನ್ನು ಜೂನ್ 24ಕ್ಕೆ ಇಟ್ಟರು. ಅಲ್ಲಿಂದ ಹಗಲು ಕುಗ್ಗುತ್ತದೆ. ಇದು ಸುಮ್ನೆ ಅಲ್ಲ. 'ಆತನು ಬೆಳೆಯಬೇಕು, ನಾನು ಕುಗ್ಗಬೇಕು' ಎನ್ನುವ ಈ ಸ್ನಾನಿಕ ಯೋಹಾನನ ಮಾತು ಸುವಾರ್ತೆಯಲ್ಲೇ ಇದೆ. 'ನಾನು' ಕುಗ್ಗಿದಷ್ಟೂ ಬೆಳಕು ಬೆಳೆಯುತ್ತದೆ ಎನ್ನುವ ಪಾಠವನ್ನು ಸೂರ್ಯನ ಕೈಯಲ್ಲೇ ಹೇಳಿಸಿದಂತಾಯಿತು. ಭೂಮಿಯ ದಕ್ಷಿಣಾರ್ಧದಲ್ಲಿ ಇದೆಲ್ಲ ತಲೆಕೆಳಗು. ಅಲ್ಲಿ ಕ್ರಿಸ್ಮಸ್ ಬರುವುದು ಸುಡುವ ಬೇಸಿಗೆಯಲ್ಲಿ. ಅಲ್ಲಿನವರ ನಂಬಿಕೆಗೆ ಅದರಿಂದ ಏನೂ ತೊಂದರೆ ಆಗಿಲ್ಲ ಅನ್ನೋದನ್ನೂ ನೆನಪಿಡಬೇಕು.

ದನದ ಮೇವಿನ ತೊಟ್ಟಿ

ಗೋದಲಿ ಎಂದರೆ ದನಕ್ಕೆ ಮೇವು ಹಾಕುವ ತೊಟ್ಟಿ. ಲೋಕ ಹುಟ್ಟಿಸಿದವನು ಬಂದು ಮಲಗಲು ಸಿಕ್ಕ ಜಾಗ ಅದು. ಕ್ರೈಸ್ತರ ಮಟ್ಟಿಗೆ ಹಬ್ಬದ ತಿರುಳೇ ಇದು. ಸಂತ ಪೌಲ ಒಂದು ಪತ್ರದಲ್ಲಿ, ಕ್ರಿಸ್ತನು ತನ್ನನ್ನು ತಾನೇ 'ಬರಿದು ಮಾಡಿಕೊಂಡನು' ಎಂದು ಬರೆಯುತ್ತಾನೆ. ಗ್ರೀಕಿನಲ್ಲಿ ಇದಕ್ಕೆ 'ಕೆನೋಸಿಸ್' ಎನ್ನುತ್ತಾರೆ. ಮಗುವಿನ ಜೊತೆ ಮಾತಾಡಬೇಕಾದರೆ ದೊಡ್ಡವರು ಮಂಡಿ ಊರಿ ಕೂರುತ್ತಾರೆ, ಅಲ್ವಾ? ಕೂತವರು ಚಿಕ್ಕವರಾಗಲಿಲ್ಲ, ತಮ್ಮ ಎತ್ತರವನ್ನು ಬಿಟ್ಟುಕೊಟ್ಟರು. ಹೆಚ್ಚುಕಡಿಮೆ ಹಾಗೆ. ಪೌಲ ಹೇಳುವುದು ಇದಕ್ಕಿಂತ ಜಾಸ್ತಿ: ಆ ಬರಿದಾಗುವಿಕೆ ಶಿಲುಬೆಯ ಸಾವಿನವರೆಗೂ ಹೋಗುತ್ತದೆ.

ಬೆತ್ಲೆಹೇಮ್ ಎಂಬ ಊರಿನ ಹೆಸರಿಗೆ ಹೀಬ್ರೂನಲ್ಲಿ 'ರೊಟ್ಟಿಯ ಮನೆ' ಎಂದರ್ಥ. ರೊಟ್ಟಿಯ ಮನೆಯಲ್ಲಿ, ಮೇವಿನ ತೊಟ್ಟಿಯಲ್ಲಿ ಮಗು. ಮುಂದೆ ಅದೇ ಮಗು ದೊಡ್ಡವನಾಗಿ ರೊಟ್ಟಿ ಮುರಿದು 'ಇದು ನನ್ನ ದೇಹ' ಎನ್ನುತ್ತಾನೆ. ಹಳೆಯ ಬೋಧಕರು ಈ ಎಳೆಯನ್ನು ಬಿಡಲೇ ಇಲ್ಲ.

1223ರಲ್ಲಿ ಇಟಲಿಯ ಗ್ರೆಚ್ಚೋ ಎಂಬಲ್ಲಿ ಅಸಿಸಿಯ ಸಂತ ಫ್ರಾನ್ಸಿಸ್ ನಿಜವಾದ ಗೋದಲಿ, ಹುಲ್ಲು, ಜೀವಂತ ಎತ್ತು ಮತ್ತು ಕತ್ತೆ ತರಿಸಿ ನಡುರಾತ್ರಿಯ ಪೂಜೆ ಮಾಡಿಸಿದರು. ಮಗು ಪಟ್ಟ ಕಷ್ಟವನ್ನು ಕಣ್ಣಾರೆ ನೋಡಬೇಕು ಎನ್ನುವುದು ಅವರ ಆಸೆ. ಇಂದು ಎಲ್ಲೆಡೆ ಜೋಡಿಸುವ ಗೋದಲಿಯ ಬೊಂಬೆಗಳು ಹಬ್ಬಿದ್ದು ಅಲ್ಲಿಂದಲೇ. ಎತ್ತು, ಕತ್ತೆ ಸುವಾರ್ತೆಗಳಲ್ಲಿ ಇಲ್ಲವೇ ಇಲ್ಲ. 'ಎತ್ತಿಗೆ ಯಜಮಾನ ಗೊತ್ತು, ಕತ್ತೆಗೆ ಒಡೆಯನ ಗೋದಲಿ ಗೊತ್ತು, ನನ್ನ ಜನಕ್ಕೆ ಮಾತ್ರ ಗೊತ್ತಿಲ್ಲ' ಎನ್ನುವ ಪ್ರವಾದಿ ಯೆಶಾಯನ ಹಳೆಯ ಬೈಗುಳದಿಂದ ಅವು ಎದ್ದು ಬಂದಿವೆ. ಚೆಂದ ಕಾಣಲಿ ಅಂತ ಇಟ್ಟ ಬೊಂಬೆಗಳಲ್ಲ ಅವು. ನೋಡುವವರಿಗೆ ಹಾಕಿದ ಪ್ರಶ್ನೆ.

ಮೂರು ಪೂಜೆ, ಮೂರು ಹುಟ್ಟು

ಕ್ಯಾಥೊಲಿಕ್ ಸಂಪ್ರದಾಯದಲ್ಲಿ ಕ್ರಿಸ್ಮಸ್ ದಿನ ಮೂರು ಪೂಜೆ ಇರುತ್ತವೆ. ನಡುರಾತ್ರಿ ಒಂದು, ನಸುಕಿಗೆ ಒಂದು, ಹಗಲಲ್ಲಿ ಒಂದು. ಸ್ಟ್ರಾಸ್‌ಬರ್ಗಿನ ಯೋಹಾನ್ನೆಸ್ ಟಾವ್ಲರ್ ಎಂಬ 14ನೇ ಶತಮಾನದ ಗುರು ಒಂದು ಕ್ರಿಸ್ಮಸ್ ಪ್ರವಚನದಲ್ಲಿ ಇದನ್ನು ಬಿಡಿಸಿ ಹೇಳುತ್ತಾರೆ. ಕತ್ತಲ ಪೂಜೆ ಮೊದಲ ಹುಟ್ಟಿನದು: ಕಾಲಕ್ಕೂ ಮೊದಲು ತಂದೆಯಾದ ದೇವರಿಂದ ಮಗ ಹುಟ್ಟಿದ್ದು. ಅದು ಯಾರ ಕಣ್ಣಿಗೂ ಕಾಣದು. ನಸುಕಿನದು ಮರಿಯಳಿಂದ ಹುಟ್ಟಿದ್ದು. ಅದು ಅರ್ಧ ಕಾಣುತ್ತದೆ, ಅರ್ಧ ಕಾಣುವುದಿಲ್ಲ. ಹಾಡುಹಗಲಿನ ಮೂರನೆಯ ಪೂಜೆ ಯಾವುದಕ್ಕೆ? ಒಳ್ಳೆಯ ಮನುಷ್ಯನ ಆತ್ಮದಲ್ಲಿ ದಿನದಿನ, ಗಳಿಗೆ ಗಳಿಗೆಗೂ ಆಗಬೇಕಾದ ಹುಟ್ಟಿಗೆ.

ಅತಿ ಗುಟ್ಟಿನದು ಒಳಗಿನ ಹುಟ್ಟೇ ಇರಬೇಕು ಎಂದು ನಾವು ಅಂದುಕೊಳ್ಳುತ್ತೇವೆ. ಟಾವ್ಲರ್ ಅದನ್ನೇ ತೆಗೆದು ಬಿಸಿಲಲ್ಲಿಡುತ್ತಾರೆ. ಒಳಗೆ ನಿಜವಾಗಿ ಏನಾದರೂ ಹುಟ್ಟಿದ್ದರೆ ಅದು ನಡೆ ನುಡಿಯಲ್ಲಿ ಕಾಣದೆ ಇರುವುದಾದರೂ ಹೇಗೆ?

ಟಾವ್ಲರ್ ಮೇಲೆ ಪ್ರಭಾವ ಬೀರಿದ ಮೈಸ್ಟರ್ ಎಕ್‌ಹಾರ್ಟ್ ಇನ್ನೂ ನೇರ. ಈ ಹುಟ್ಟು ಸದಾ ನಡೆಯುತ್ತಲೇ ಇದೆ, ಆದರೆ ಅದು ನನ್ನೊಳಗೆ ನಡೆಯದಿದ್ದರೆ ನನಗೇನು ಬಂತು ಎಂದು ಅವರು ಕ್ರಿಸ್ಮಸ್ ಪ್ರವಚನದಲ್ಲೇ ಕೇಳುತ್ತಾರೆ. ಹಾಗಾದರೆ ಮಾಡಬೇಕಾದ್ದೇನು? ಅವರ ಉತ್ತರ: ಸದ್ದು ಕಡಿಮೆ ಮಾಡು, ಜಾಗ ಖಾಲಿ ಮಾಡು. ಒಂದೇ ಪಾತ್ರೆ ಎರಡು ಪಾನೀಯ ಹಿಡಿಯುವುದಿಲ್ಲ, ದ್ರಾಕ್ಷಾರಸ ಬೇಕಾದರೆ ನೀರನ್ನು ಚೆಲ್ಲಲೇಬೇಕು ಎನ್ನುವ ಹೋಲಿಕೆ ಅವರದೇ. ಛತ್ರದಲ್ಲಿ ಜಾಗ ಇರಲಿಲ್ಲ ಎನ್ನುವ ಲೂಕನ ಸಾಲಿಗೆ ಈಗ ಬೇರೆಯೇ ಬಣ್ಣ ಬರುತ್ತದೆ. ತುಂಬಿದ್ದ ಆ ಛತ್ರ ನಾವೇ ಇರಬಹುದು.

ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಕಾಯುವ ಕಾಲಕ್ಕೆ 'ಆಡ್ವೆಂಟ್' ಎನ್ನುತ್ತಾರೆ, ಬರುವಿಕೆ ಎಂದರ್ಥ. 12ನೇ ಶತಮಾನದ ಕ್ಲೇರ್ವೋದ ಸಂತ ಬರ್ನಾರ್ಡ್ ಅದನ್ನೂ ಮೂರಾಗಿ ಎಣಿಸಿದರು. ಹಿಂದೆ ಮೈಯಲ್ಲಿ ಬಂದದ್ದು, ಕಡೆಗಾಲದಲ್ಲಿ ಬರಲಿರುವುದು, ಇವೆರಡರ ನಡುವೆ ಈಗ ಎದೆಯೊಳಗೆ ಬರುವುದು.

ಪೂರ್ವದ ಸಭೆಗಳ ಚಿತ್ರ

ಗ್ರೀಕ್, ರಷ್ಯನ್ ಮುಂತಾದ ಆರ್ಥೊಡಾಕ್ಸ್ ಸಭೆಗಳು, ಅಂದರೆ ಪೂರ್ವದ ಕ್ರೈಸ್ತ ಪಂಗಡಗಳು, ಇದೇ ಕಥೆಯನ್ನು ಬಣ್ಣದಲ್ಲಿ ಹೇಳುತ್ತವೆ. ಅವರ ಕ್ರಿಸ್ಮಸ್ ಚಿತ್ರದಲ್ಲಿ ಮಗು ಇರುವುದು ಕಪ್ಪು ಗುಹೆಯ ಬಾಯಲ್ಲಿ. ಸುತ್ತಿದ ಬಟ್ಟೆ ಹೆಣಕ್ಕೆ ಸುತ್ತುವ ಬಟ್ಟೆಯ ಹಾಗಿರುತ್ತದೆ. ಗೋದಲಿ ಕಲ್ಲಿನ ಶವಪೆಟ್ಟಿಗೆಯ ಹಾಗಿರುತ್ತದೆ. ಹುಟ್ಟಿನ ಚಿತ್ರದಲ್ಲೇ ಸಾವನ್ನೂ ಬರೆದಿಟ್ಟಿದ್ದಾರೆ. ಮೂಲೆಯಲ್ಲಿ ಜೋಸೆಫ್ ತಲೆಗೆ ಕೈ ಕೊಟ್ಟು ಕೂತಿರುತ್ತಾನೆ. ಎದುರಿಗೆ ಒಬ್ಬ ಮುದುಕ. ಅವನು ಸಂಶಯ ಬಿತ್ತಲು ಬಂದ ಸೈತಾನ ಎಂದು ಅರ್ಥ ಹೇಳುವವರಿದ್ದಾರೆ. ಹಬ್ಬದ ಚಿತ್ರದಲ್ಲಿ ಸಂಶಯಕ್ಕೂ ಒಂದು ಮೂಲೆ ಕೊಟ್ಟದ್ದು ನನಗೆ ಬಹಳ ಹಿಡಿಸಿತು.

ಈ ಸಭೆಗಳ ಮುಖ್ಯ ಮಾತು 'ಥಿಯೋಸಿಸ್', ಅಂದರೆ ದೈವತ್ವದಲ್ಲಿ ಪಾಲು ಪಡೆಯುವುದು. ದೇವರು ಮನುಷ್ಯನಾದದ್ದು ಮನುಷ್ಯನನ್ನು ದೇವರಾಗಿಸಲು ಎಂದು 4ನೇ ಶತಮಾನದ ಬಿಷಪ್ ಅಥನಾಸಿಯಸ್ ಬರೆದರು. ಇದಕ್ಕೆ ಅವರ ಪರಂಪರೆಯ ಹಳೆಯ ಹೋಲಿಕೆ ಬೆಂಕಿಯಲ್ಲಿಟ್ಟ ಕಬ್ಬಿಣ. ಕಬ್ಬಿಣ ಕೆಂಪಾಗುತ್ತದೆ, ಬೆಳಗುತ್ತದೆ, ಮುಟ್ಟಿದರೆ ಸುಡುತ್ತದೆ. ಆದರೂ ಅದು ಕಬ್ಬಿಣವೇ, ಬೆಂಕಿಯಾಗಿಬಿಡಲಿಲ್ಲ.

ಹಬ್ಬವೇ ಬೇಡ ಅಂದ ಕ್ರೈಸ್ತರು

ಎಲ್ಲ ಕ್ರೈಸ್ತರೂ ಕ್ರಿಸ್ಮಸ್ ಮಾಡುತ್ತಾರೆ ಎನ್ನುವುದು ತಪ್ಪು. ಬೈಬಲಿನಲ್ಲಿ ಇಲ್ಲದ ಹಬ್ಬ ನಮಗೆ ಬೇಡ ಎಂದು ಪ್ಯೂರಿಟನ್ನರು ಎಂಬ ಕಟ್ಟುನಿಟ್ಟಿನ ಪ್ರೊಟೆಸ್ಟಂಟರು ಹಟ ಹಿಡಿದರು. 1647ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟ್ ಹಬ್ಬವನ್ನು ರದ್ದು ಮಾಡಿತು. 1659ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಹಬ್ಬ ಮಾಡಿದವರಿಗೆ ಐದು ಶಿಲ್ಲಿಂಗ್ ದಂಡ ಇಟ್ಟರು. ಕ್ವೇಕರ್ ಪಂಥದವರ ಕಾರಣ ಬೇರೆ: ಎಲ್ಲ ದಿನವೂ ಪವಿತ್ರವೇ ಆದಮೇಲೆ ಒಂದು ದಿನಕ್ಕೆ ಯಾಕೆ ವಿಶೇಷ ಮರ್ಯಾದೆ? ಟಾವ್ಲರ್ ಹೇಳಿದ ಮೂರನೆಯ ಹುಟ್ಟನ್ನು ಇವರು ಹಬ್ಬ ಬಿಟ್ಟೇ ಹಿಡಿದರು.

ಖರ್ಜೂರದ ಮರದ ಕೆಳಗೆ

ಮುಸ್ಲಿಮರು ಕ್ರಿಸ್ಮಸ್ ಅನ್ನು ಧರ್ಮದ ಹಬ್ಬವಾಗಿ ಆಚರಿಸುವುದಿಲ್ಲ. ಆದರೆ ಯೇಸುವಿನ ಹುಟ್ಟಿನ ಕಥೆ ಕುರಾನಿನಲ್ಲಿ ವಿವರವಾಗಿಯೇ ಇದೆ. ಅಲ್ಲಿ ಯೇಸುವಿನ ಹೆಸರು ಈಸಾ. 19ನೇ ಅಧ್ಯಾಯಕ್ಕೆ ತಾಯಿಯ ಹೆಸರನ್ನೇ ಇಡಲಾಗಿದೆ, 'ಮರ್ಯಮ್'. ಇಡೀ ಕುರಾನಿನಲ್ಲಿ ಹೆಸರಿಟ್ಟು ಕರೆದ ಒಬ್ಬರೇ ಹೆಣ್ಣು ಅವರು.

ಇಲ್ಲಿ ಛತ್ರ ಇಲ್ಲ, ಗೋದಲಿ ಇಲ್ಲ, ಜೋಸೆಫ್ ಇಲ್ಲ. ಮರ್ಯಮ್ ಒಬ್ಬರೇ ದೂರ ಹೋಗುತ್ತಾರೆ. ಹೆರಿಗೆ ನೋವು ಅವರನ್ನು ಖರ್ಜೂರದ ಮರದ ಬುಡಕ್ಕೆ ತಳ್ಳುತ್ತದೆ. 'ಇದಕ್ಕಿಂತ ಮುಂಚೆಯೇ ನಾನು ಸತ್ತು, ಎಲ್ಲರಿಗೂ ಮರೆತುಹೋಗಿದ್ದರೆ!' ಎಂದು ಕೂಗುತ್ತಾರೆ. ಆಗ ಕೆಳಗಿನಿಂದ ಒಂದು ದನಿ ಬರುತ್ತದೆ: ದುಃಖ ಪಡಬೇಡ, ನಿನ್ನ ಕಾಲ ಕೆಳಗೆ ದೇವರು ತೊರೆ ಹರಿಸಿದ್ದಾನೆ, ಮರದ ಬೊಡ್ಡೆ ಹಿಡಿದು ಅಲ್ಲಾಡಿಸು, ಹಣ್ಣಾದ ಖರ್ಜೂರ ಉದುರುತ್ತದೆ. ಹೆರಿಗೆ ನೋವಿನಲ್ಲಿರುವವರು ಮರ ಅಲ್ಲಾಡಿಸಬೇಕಾ? ಹಣ್ಣು ತಾನಾಗಿ ಬಿದ್ದಿದ್ದರೆ ಆಗುತ್ತಿರಲಿಲ್ಲವಾ? ದೇವರ ಕೃಪೆ ಬೇಕು, ನಮ್ಮ ಕೈಯೂ ಆಡಬೇಕು ಎಂದು ಈ ಜಾಗಕ್ಕೆ ಅರ್ಥ ಹೇಳುತ್ತಾರೆ.

ಆಮೇಲೆ ಅವರಿಗೆ ಮೌನದ ವ್ರತ. ಮಗುವನ್ನೆತ್ತಿಕೊಂಡು ಊರಿಗೆ ಬಂದಾಗ ಜನ ಬೈಯುತ್ತಾರೆ. ಅವರು ಬಾಯಿ ಬಿಡದೆ ಮಗುವಿನ ಕಡೆ ಕೈ ತೋರಿಸುತ್ತಾರೆ. ತೊಟ್ಟಿಲ ಮಗು ಮಾತಾಡುತ್ತದೆ. ಅದರ ಮೊದಲ ಮಾತು 'ನಾನು ದೇವರ ದಾಸ'. ಕುರಾನಿನ ನಿಲುವು ಇಲ್ಲಿ ಸ್ಪಷ್ಟ. ಈಸಾ ದೊಡ್ಡ ಪ್ರವಾದಿ, ದೇವರಿಂದ ಬಂದ ವಚನ. ದೇವರ ಮಗ ಅಲ್ಲ.

13ನೇ ಶತಮಾನದ ಸೂಫಿ ಜಲಾಲುದ್ದೀನ್ ರೂಮಿ ಈ ಕಥೆಯನ್ನು ಒಳಕ್ಕೆ ತಿರುಗಿಸಿದರು. ನಮ್ಮ ಮೈ ಮರ್ಯಮ್ ಇದ್ದ ಹಾಗೆ, ನಮ್ಮ ಪ್ರತಿಯೊಬ್ಬರೊಳಗೂ ಒಬ್ಬ ಈಸಾ ಇದ್ದಾನೆ, ನೋವು ಶುರುವಾದರೆ ಅವನು ಹುಟ್ಟುತ್ತಾನೆ ಎಂದು ತಮ್ಮ ಶಿಷ್ಯರಿಗೆ ಹೇಳುತ್ತಾರೆ. ನೋವು ಬರದೇ ಹೋದರೆ? ಅವನು ಬಂದ ಗುಪ್ತ ದಾರಿಯಲ್ಲೇ ವಾಪಸು ಹೋಗುತ್ತಾನೆ, ನಾವು ಬರಿಗೈಯಲ್ಲಿ ಉಳಿಯುತ್ತೇವೆ.

ಎಕ್‌ಹಾರ್ಟ್ ಹುಟ್ಟುವ ಹೊತ್ತಿಗೆ ರೂಮಿಗೆ ಸುಮಾರು ಐವತ್ತು ವರ್ಷ. ಒಬ್ಬರು ಜರ್ಮನಿಯಲ್ಲಿ, ಒಬ್ಬರು ಇಂದಿನ ಟರ್ಕಿಯ ಕೊನ್ಯಾದಲ್ಲಿ. ಇಬ್ಬರ ಕೈಗೂ ಸಿಕ್ಕಿದ್ದು ಗರ್ಭದ ಹೋಲಿಕೆಯೇ. ಆದರೆ ಒತ್ತು ಬೇರೆ ಬೇರೆ. ಹುಟ್ಟಿಗೆ ಮೌನ ಬೇಕು ಎನ್ನುತ್ತಾರೆ ಎಕ್‌ಹಾರ್ಟ್. ನೋವು ಬೇಕು ಎನ್ನುತ್ತಾರೆ ರೂಮಿ. ಮರ್ಯಮ್ ಕಥೆಯಲ್ಲಿ ಎರಡೂ ಇವೆ.

ಯಹೂದಿಗಳ ದೀಪ

ಯೇಸು ಹುಟ್ಟಿದ್ದು ಯಹೂದಿಯಾಗಿ, ಸತ್ತದ್ದೂ ಯಹೂದಿಯಾಗಿ. ಆದರೆ ಯಹೂದಿ ಧರ್ಮದಲ್ಲಿ ಕ್ರಿಸ್ಮಸ್‌ಗೆ ಜಾಗವಿಲ್ಲ. ದೇವರು ಮನುಷ್ಯನ ಮೈ ತಾಳುತ್ತಾನೆ ಎನ್ನುವುದನ್ನು ಅದು ಒಪ್ಪುವುದಿಲ್ಲ. ಯುರೋಪಿನ ಯಹೂದಿಗಳಿಗೆ ಆ ರಾತ್ರಿ ಎಷ್ಟೋ ಕಾಲ ಭಯದ ರಾತ್ರಿಯೂ ಆಗಿತ್ತು. ಕೆಲವು ಹಸಿದಿಕ್ ಪಂಥಗಳಲ್ಲಿ ಅಂದು ಸಂಜೆ ಧರ್ಮಗ್ರಂಥ ಮುಚ್ಚಿಟ್ಟು ಚೆಸ್ ಆಡುವ ರೂಢಿ ಇಂದಿಗೂ ಇದೆ.

ಅದೇ ಹೊತ್ತಿನಲ್ಲಿ ಬರುವ ಅವರ ಹಬ್ಬ ಹನುಕ್ಕಾ. ಅದು 'ಯಹೂದಿಗಳ ಕ್ರಿಸ್ಮಸ್' ಅಲ್ಲ. ಕ್ರಿ.ಪೂ. 164ರಲ್ಲಿ ಜೆರುಸಲೇಮಿನ ದೇವಾಲಯವನ್ನು ವೈರಿಗಳಿಂದ ಬಿಡಿಸಿ ಮತ್ತೆ ಶುದ್ಧಿ ಮಾಡಿದ ನೆನಪು. ಒಂದು ದಿನಕ್ಕೆ ಸಾಲುವ ಎಣ್ಣೆ ಎಂಟು ದಿನ ಉರಿಯಿತು ಎನ್ನುತ್ತದೆ ಯಹೂದಿಗಳ ಧರ್ಮಗ್ರಂಥ ತಾಲ್ಮುದ್. ದೀಪ ಹಚ್ಚುವ ಬಗೆಯ ಮೇಲೆ ಅಲ್ಲೊಂದು ಒಳ್ಳೆಯ ಜಗಳ ಬರುತ್ತದೆ. ಮೊದಲ ದಿನ ಎಂಟು ಹಚ್ಚಿ ದಿನಕ್ಕೊಂದು ಕಡಿಮೆ ಮಾಡಿ ಎಂದಿತು ಶಮ್ಮಾಯ್ ಗುರುಕುಲ. ಒಂದರಿಂದ ಶುರು ಮಾಡಿ ದಿನಕ್ಕೊಂದು ಹೆಚ್ಚಿಸಿ ಎಂದಿತು ಹಿಲ್ಲೆಲ್ ಗುರುಕುಲ. ಪವಿತ್ರವಾದದ್ದರಲ್ಲಿ ಮೇಲೇರಬೇಕು, ಇಳಿಯಬಾರದು ಎನ್ನುವುದು ಹಿಲ್ಲೆಲ್ ಕಡೆಯವರು ಕೊಟ್ಟ ಕಾರಣ. ಅವರ ಮಾತೇ ಗೆದ್ದಿತು. ಕತ್ತಲ ತಿಂಗಳಲ್ಲಿ ಬೆಳಕು ಹೆಚ್ಚಬೇಕು ಎನ್ನುವುದಷ್ಟೇ ಎರಡೂ ಹಬ್ಬಗಳ ನಂಟು.

ಅವತಾರ ಎಂದರೆ ಇದೇನಾ?

ಹಿಂದೂ ಮನಸ್ಸಿಗೆ ಕ್ರಿಸ್ಮಸ್ ಕಥೆ ಬೇಗ ಹತ್ತಿರವಾಗುತ್ತದೆ. ನಡುರಾತ್ರಿ, ಬಂದೀಖಾನೆ, ಮಗುವನ್ನು ಕೊಲ್ಲಲು ಕಾದ ರಾಜ. ಕೃಷ್ಣನ ಕಥೆ ಗೊತ್ತಿದ್ದವರಿಗೆ ಮಗು ಯೇಸುವನ್ನು ಕೊಲ್ಲಲು ಹೊರಟ ಹೆರೋದ ರಾಜನ ಪರಿಚಯ ಮಾಡಿಕೊಡಬೇಕಿಲ್ಲ. ವಾಕ್ಯ ಮೈ ತಾಳಿತು ಎನ್ನುವ ಯೋಹಾನನ ಸಾಲನ್ನು ಕನ್ನಡದ ಹಳೆಯ ಬೈಬಲ್ ಅನುವಾದ 'ನರಾವತಾರ ಎತ್ತಿ' ಎಂದೇ ಮಾಡಿದೆ. ಬೇರೆ ಪದ ಎಲ್ಲಿತ್ತು?

ಆದರೆ ಪದ ಒಂದಾದರೂ ಮಾತು ಒಂದಲ್ಲ. ಧರ್ಮ ಕುಸಿದಾಗಲೆಲ್ಲ ನಾನು ಬರುತ್ತೇನೆ ಎನ್ನುತ್ತಾನೆ ಗೀತೆಯ ಕೃಷ್ಣ. ಅಲ್ಲಿ ಅವತಾರ ಮತ್ತೆ ಮತ್ತೆ ಆಗುತ್ತದೆ. ಕ್ರೈಸ್ತರ ಪ್ರಕಾರ ಇದು ಆದದ್ದು ಒಂದೇ ಸಲ, ಅಗಸ್ಟಸ್ ಚಕ್ರವರ್ತಿಯ ಕಾಲದಲ್ಲಿ, ಒಂದು ಗೊತ್ತಾದ ಊರಿನಲ್ಲಿ. ಹಸಿವು, ಅಳು, ಸಾವು ಎಲ್ಲವೂ ನಿಜ. ವೇಷವಲ್ಲ.

1886ರ ಆಗಸ್ಟ್‌ನಲ್ಲಿ ಶ್ರೀರಾಮಕೃಷ್ಣರು ತೀರಿಕೊಂಡರು. ಅದೇ ಡಿಸೆಂಬರ್‌ನಲ್ಲಿ ಅವರ ತರುಣ ಶಿಷ್ಯರು ಬಂಗಾಳದ ಆಂಟ್‌ಪುರ ಎಂಬ ಹಳ್ಳಿಗೆ ಹೋದರು. ಒಂದು ರಾತ್ರಿ ಧುನಿಯ ಬೆಂಕಿಯ ಸುತ್ತ ಕೂತಿದ್ದಾಗ ನರೇಂದ್ರ, ಅಂದರೆ ಮುಂದಿನ ವಿವೇಕಾನಂದರು, ಯೇಸುವಿನ ಕಥೆ ಹೇಳತೊಡಗಿದರು. ಹುಟ್ಟಿನಿಂದ ಹಿಡಿದು ಶಿಲುಬೆಯವರೆಗೆ. ಆಮೇಲೆ ಅವನ ಶಿಷ್ಯರು ಎಲ್ಲ ಬಿಟ್ಟು ಹೊರಟದ್ದು. ಕೇಳಿದವರು ತಾವೂ ಮನೆ ಮಠ ಬಿಡುತ್ತೇವೆ ಎಂದು ಆ ಬೆಂಕಿಯ ಮುಂದೆಯೇ ಪ್ರತಿಜ್ಞೆ ಮಾಡಿದರು. ಅಂದು ಡಿಸೆಂಬರ್ 24, ಕ್ರಿಸ್ಮಸ್‌ನ ಹಿಂದಿನ ರಾತ್ರಿ ಎನ್ನುವುದು ಅವರಿಗೆ ಹೊಳೆದದ್ದು ಆಮೇಲೆ. ರಾಮಕೃಷ್ಣ ಮಠಗಳಲ್ಲಿ ಇಂದಿಗೂ ಆ ಸಂಜೆ ಮೇರಿ ಮತ್ತು ಮಗುವಿನ ಚಿತ್ರ ಇಟ್ಟು, ಆರತಿ ಮಾಡಿ, ಬೈಬಲಿನಿಂದ ಹುಟ್ಟಿನ ಕಥೆ ಓದುತ್ತಾರೆ.

ಪರಮಹಂಸ ಯೋಗಾನಂದರು 1931ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕ್ರಿಸ್ಮಸ್‌ಗೆ ಮುಂಚೆ ಇಡೀ ದಿನದ ಧ್ಯಾನ ಶುರು ಮಾಡಿದರು. ಅವರ ಪ್ರಕಾರ ಯೇಸು ಒಬ್ಬ ವ್ಯಕ್ತಿ, 'ಕ್ರಿಸ್ತ' ಒಂದು ಅರಿವಿನ ಸ್ಥಿತಿ. ಅದನ್ನು ಅವರು 'ಕೂಟಸ್ಥ ಚೈತನ್ಯ' ಎಂದು ಕರೆದರು. ಕೂಟ ಎಂದರೆ ಕಮ್ಮಾರ ಕಬ್ಬಿಣ ಬಡಿಯುವ ಅಡಿಗಲ್ಲು. ಮೇಲೆ ಎಷ್ಟೇ ಏಟು ಬಿದ್ದರೂ ಅದು ಬದಲಾಗುವುದಿಲ್ಲ. ಅಂಥ ಅರಿವು ಯಾರಲ್ಲೂ ಹುಟ್ಟಬಹುದು ಎನ್ನುವುದು ಅವರ ಮಾತು. ಹೆಚ್ಚಿನ ಕ್ರೈಸ್ತರು ಯೇಸುವನ್ನೂ ಕ್ರಿಸ್ತನನ್ನೂ ಹೀಗೆ ಬೇರೆ ಮಾಡುವುದನ್ನು ಒಪ್ಪುವುದಿಲ್ಲ.

ಬೌದ್ಧರ ನಕ್ಷತ್ರ, ಸಿಖ್ಖರ 'ಅಜೂನಿ'

ಬೌದ್ಧರಲ್ಲಿ ಲೋಕ ಹುಟ್ಟಿಸಿದ ದೇವರೇ ಇಲ್ಲ, ಹಾಗಾಗಿ ಅವನು ಹುಟ್ಟಿ ಬರುವ ಪ್ರಶ್ನೆಯೂ ಇಲ್ಲ. ಆದರೂ ಎರಡು ಜಾಗ ಗಮನ ಸೆಳೆಯುತ್ತವೆ. ಜಪಾನಿನ ಜೆನ್ ಮಠಗಳಲ್ಲಿ ಡಿಸೆಂಬರ್ 8ರ ನಸುಕಿನವರೆಗೆ ರಾತ್ರಿಯೆಲ್ಲ ಧ್ಯಾನಕ್ಕೆ ಕೂರುತ್ತಾರೆ. ಸಿದ್ಧಾರ್ಥನು ಬೆಳಗಿನ ನಕ್ಷತ್ರ ನೋಡುತ್ತ ಬುದ್ಧನಾದ ಎನ್ನುವ ನೆನಪಿಗೆ. ಇಲ್ಲೂ ಡಿಸೆಂಬರ್, ಇಲ್ಲೂ ನಕ್ಷತ್ರ. ಆದರೆ ಇದು ಯಾರ ಮನೆಯ ದಾರಿಯನ್ನೂ ತೋರಿಸುವುದಿಲ್ಲ. ಇನ್ನೊಂದು ಮಹಾಯಾನದ 'ತಥಾಗತಗರ್ಭ' ಎಂಬ ಮಾತು. ಬುದ್ಧನಾಗುವ ಬೀಜ ಪ್ರತಿ ಜೀವಿಯೊಳಗೂ ಗರ್ಭದ ಹಾಗೆ ಅಡಗಿದೆ ಎಂದರ್ಥ. ಮತ್ತೆ ಗರ್ಭ!

ಎರಡು ಕಥೆಗಳಲ್ಲೂ ಒಬ್ಬ ಮುದುಕ ಬರುತ್ತಾನೆ. ಮಗು ಸಿದ್ಧಾರ್ಥನನ್ನು ಎತ್ತಿಕೊಂಡ ಅಸಿತ ಮುನಿ ಅಳುತ್ತಾನೆ, ಇವನ ಬೋಧನೆ ಕೇಳುವಷ್ಟು ದಿನ ನಾನು ಬದುಕಿರುವುದಿಲ್ಲವಲ್ಲ ಎಂದು. ಮಗು ಯೇಸುವನ್ನು ಎತ್ತಿಕೊಂಡ ಸಿಮೆಯೋನ ಮಾತ್ರ, ಕಣ್ಣಾರೆ ಕಂಡೆ, ಇನ್ನು ನೆಮ್ಮದಿಯಿಂದ ಹೋಗುತ್ತೇನೆ ಎನ್ನುತ್ತಾನೆ. ಒಬ್ಬನಿಗೆ ಮಗುವನ್ನು ನೋಡಿದ್ದೇ ಸಾಕಾಯಿತು. ಇನ್ನೊಬ್ಬನಿಗೆ ಸಾಲಲಿಲ್ಲ, ಅವನಿಗೆ ಬೋಧನೆ ಬೇಕಿತ್ತು. ಎರಡು ಧರ್ಮಗಳ ವ್ಯತ್ಯಾಸ ಈ ಇಬ್ಬರು ಮುದುಕರ ಮುಖದಲ್ಲಿದೆ.

ಸಿಖ್ಖರ ಮೂಲಮಂತ್ರದಲ್ಲಿ ದೇವರನ್ನು 'ಅಜೂನಿ' ಎಂದು ಕರೆಯುತ್ತಾರೆ, ಯಾವ ಯೋನಿಯಲ್ಲೂ ಹುಟ್ಟದವನು. ಅಲ್ಲಿಗೆ ಮುಗಿಯಿತು. ಅವರಿಗೆ ಡಿಸೆಂಬರ್ ಕೊನೆಯ ದಿನಗಳು ಗುರು ಗೋಬಿಂದ್ ಸಿಂಗರ ಮಕ್ಕಳ ಬಲಿದಾನದ ದಿನಗಳು. ಚಿಕ್ಕ ಮಕ್ಕಳಿಬ್ಬರನ್ನು ಸಿರ್‌ಹಿಂದ್‌ನಲ್ಲಿ ಜೀವಂತವಾಗಿ ಗೋಡೆಯಲ್ಲಿಟ್ಟು ಕಟ್ಟಿದ್ದನ್ನು ಅವರು ನೆನೆಯುತ್ತಾರೆ. ಕ್ಯಾಥೊಲಿಕ್ ಮುಂತಾದ ಚರ್ಚುಗಳೂ ಡಿಸೆಂಬರ್ 28ರಂದು ಹೆರೋದ ಕೊಲ್ಲಿಸಿದ ಹಸುಗೂಸುಗಳನ್ನು ನೆನೆಯುತ್ತವೆ. ಕ್ರಿಸ್ಮಸ್ ಮುಗಿದು ಮೂರೇ ದಿನಕ್ಕೆ.

ಹಾಗಾದರೆ ಎಲ್ಲ ಒಂದೇನಾ?

ಒಂದೇ ಎಂದುಬಿಡುವುದು ಸುಲಭ, ಕೇಳೋಕೂ ಚೆನ್ನಾಗಿರುತ್ತದೆ. ಆದರೆ ಅದು ಸರಿಯಲ್ಲ. ಹುಟ್ಟಿದ್ದು ಯಾರು ಎಂಬ ಪ್ರಶ್ನೆಗೆ ಕ್ರೈಸ್ತರು ದೇವರ ಮಗ ಎನ್ನುತ್ತಾರೆ, ಮುಸ್ಲಿಮರು ದೇವರ ದಾಸ ಎನ್ನುತ್ತಾರೆ. ಯಹೂದಿಗಳಿಗೆ ಮಷೀಹ ಇನ್ನೂ ಬಂದಿಲ್ಲ. ಹಿಂದೂಗಳಲ್ಲಿ ಹಲವರು ಅವತಾರ ಎನ್ನುತ್ತಾರೆ. ಇವು ಒಂದೇ ಉತ್ತರದ ಬೇರೆ ಬೇರೆ ಅನುವಾದಗಳಲ್ಲ, ಬೇರೆ ಬೇರೆ ಉತ್ತರಗಳು. ಅವುಗಳಿಗಾಗಿ ಜನ ಜೀವವನ್ನೇ ಕೊಟ್ಟಿದ್ದಾರೆ.

ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ, ಹುಟ್ಟು ಆಗಬೇಕಾದ್ದು ಎಲ್ಲಿ ಎಂದು ಕೇಳಿದರೆ ಮಾತ್ರ ಟಾವ್ಲರ್, ರೂಮಿ, ಯೋಗಾನಂದ ಒಂದೇ ಕಡೆ ಬೆರಳು ತೋರಿಸುತ್ತಾರೆ. ಮೊದಲ ಪ್ರಶ್ನೆ ನಂಬಿಕೆಯದು, ಎರಡನೆಯದು ಅಭ್ಯಾಸದ್ದು. ಅಭ್ಯಾಸಕ್ಕೆ ಅವರು ಹೇಳುವ ಸಾಮಾನುಗಳೂ ಹೆಚ್ಚುಕಡಿಮೆ ಅವೇ: ಖಾಲಿ ಜಾಗ, ಮೌನ, ತಾಳಬೇಕಾದ ನೋವು.

ಗುಹೆಯೊಳಗೆ

ಆ ಕಿರುಬಾಗಿಲಿಂದ ಒಳಗೆ ಹೋದರೆ ಚರ್ಚಿನ ಅಡಿಯಲ್ಲಿ ಒಂದು ಗುಹೆ ಇದೆ. ಅಲ್ಲಿ ಒಂದೇ ವರ್ಷದಲ್ಲಿ ಮೂರು ಸಲ ಕ್ರಿಸ್ಮಸ್ ಆಗುತ್ತದೆ. ಡಿಸೆಂಬರ್ 25ಕ್ಕೆ ಕ್ಯಾಥೊಲಿಕರದು. ಹಳೆಯ ಜೂಲಿಯನ್ ಪಂಚಾಂಗ 13 ದಿನ ಹಿಂದಿರುವುದರಿಂದ ಜನವರಿ 7ಕ್ಕೆ ಗ್ರೀಕ್ ಆರ್ಥೊಡಾಕ್ಸರದು. ಜನವರಿ 19ಕ್ಕೆ ಅರ್ಮೇನಿಯನ್ನರದು. ಒಂದೇ ಜಾಗ ಹಂಚಿಕೊಂಡವರ ನಡುವೆ ಜಗಳಗಳೂ ಆಗಿವೆ. 1847ರಲ್ಲಿ ಗುಹೆಯ ನೆಲದಲ್ಲಿದ್ದ ಬೆಳ್ಳಿ ನಕ್ಷತ್ರವೇ ಕಳುವಾಗಿ, ಆ ಮನಸ್ತಾಪ ದೊಡ್ಡ ದೊಡ್ಡ ದೇಶಗಳವರೆಗೂ ಹೋಯಿತು. ಮುಂದೆ ನಡೆದ ಕ್ರಿಮಿಯಾ ಯುದ್ಧಕ್ಕೆ ಇದ್ದ ಹಲವು ಕಾರಣಗಳಲ್ಲಿ ಅದೂ ಸೇರಿಕೊಂಡಿತು.

ಆಮೇಲೆ ಅದರ ಜಾಗದಲ್ಲಿ ಮತ್ತೊಂದು ನಕ್ಷತ್ರ ಬಂತು. ಹದಿನಾಲ್ಕು ಮೂಲೆ. ಸುತ್ತ ಲ್ಯಾಟಿನ್ ಅಕ್ಷರ: ಇಲ್ಲಿ ಕನ್ಯೆ ಮರಿಯಳಿಂದ ಯೇಸು ಕ್ರಿಸ್ತ ಹುಟ್ಟಿದನು. ಮೊದಲ ಪದ 'ಇಲ್ಲಿ'. ಅದನ್ನು ಮುಟ್ಟಬೇಕಾದರೆ ಮತ್ತೆ ಬಗ್ಗಬೇಕು, ಈ ಸಲ ಮಂಡಿ ಊರಿ. ನಕ್ಷತ್ರದ ನಡುವೆ ಒಂದು ದುಂಡನೆಯ ತೂತಿದೆ. ಕೈ ಇಟ್ಟರೆ ಸಿಗುವುದು ಬರಿಯ ಬಂಡೆ.